ನಂಬಿಕಸ್ಥರ ಪಟ್ಟಿ

ಕಣ್ಣಾಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕೀಲಿಯಕ್ಕ ಎಂದೇ ಕರೆಯುತ್ತಿದ್ದರು. ಹಳೆಯ ರೋಗಿಗಳ ಕಡತ ತುಂಬಿದ ಹನ್ನೊಂದು ಕಬ್ಬಿಣದ ಬೀರುಗಳ ಕೀಲಿಗೊಂಚಲು ಸದಾ ಅವಳ ಕೈಚೀಲದಲ್ಲಿರುತ್ತಿತ್ತು. ಒಂಬತ್ತು ವರ್ಷದಲ್ಲಿ ಅವಳ ಕೈಯಿಂದ ಒಂದು ಹಾಳೆಯೂ ತಪ್ಪಿಹೋದದ್ದಿಲ್ಲ. ಆದರೆ ಈಗ ಆ ಕಡತಗಳೆಲ್ಲ ಸ್ಕ್ಯಾನ್ ಆಗಿ ಹಿಂದಿನ ಕೋಣೆಯ ಸರ್ವರ್ ಒಳಗೆ ಸೇರಿಕೊಂಡಿದ್ದವು. ತಿಂಗಳ ಕೊನೆಗೆ ಬೀರುಗಳು ಗುಜರಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಬೀರುಗಳೇ ಇಲ್ಲದ ಮೇಲೆ ಕೀಲಿಯಕ್ಕನಿಗೆ ಇಲ್ಲೇನು ಕೆಲಸ ಎಂದು ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ, ಅಷ್ಟೇ.

ಅವರು ಕೇಳುವ ಮೊದಲು ಅವಳೇ ಹೋಗಿ ಕೇಳಿದಳು. ಸರ್ವರ್ ನೋಡಿಕೊಳ್ಳುವ ಕೆಲಸ ನನಗೆ ಕೊಡಿ ಎಂದು ದೊಡ್ಡ ಡಾಕ್ಟರಮ್ಮನವರ ಮುಂದೆ ನಿಂತು ಹೇಳಿದಳು. ವಾರಕ್ಕೊಮ್ಮೆ ಬರುತ್ತಿದ್ದ ಟೆಕ್ನಿಷಿಯನ್ ಹಿಂದೆ ನಿಂತು, ಅವನು ಒತ್ತಿದ ಒಂದೊಂದು ಅಕ್ಷರವನ್ನೂ ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಅವನು ಕೆಲಸ ಬಿಟ್ಟ ಮೇಲೆ ಯಾರಿಗೂ ಬೇಡದೆ ಮೂಲೆಗೆ ಬಿದ್ದಿದ್ದ ಒಂದು ಕಂಪ್ಯೂಟರಿಗೆ ಸರ್ವರಿನಲ್ಲಿದ್ದ ಲಿನಕ್ಸ್ ವ್ಯವಸ್ಥೆಯನ್ನೇ ಹಾಕಿಕೊಂಡು, ರೋಗಿಗಳಿಲ್ಲದ ಮಧ್ಯಾಹ್ನಗಳಲ್ಲಿ ಎರಡು ವರ್ಷ ಒಬ್ಬಳೇ ಕಲಿತಿದ್ದಳು. ಅರವತ್ತು ದಾಟಿದ ದೊಡ್ಡ ಡಾಕ್ಟರು ಕನ್ನಡಕ ತೆಗೆದು ಅವಳನ್ನು ದಿಟ್ಟಿಸಿದರು. ನಲವತ್ತೇಳು ವರ್ಷದ ಈ ಹೆಂಗಸು ಇಷ್ಟು ದಿನ ಇದನ್ನೆಲ್ಲ ಎಲ್ಲಿ ಬಚ್ಚಿಟ್ಟುಕೊಂಡಿದ್ದಳು ಎಂಬಂಥ ನೋಟ ಅದು.

ಅವರಿಗೂ ತಲೆಬಿಸಿಯಿತ್ತು. ಹಿಂದಿನ ತಿಂಗಳು ರೋಗಿಗಳು ಕಾಯುವ ಹಾಲ್‌ನಲ್ಲಿ ಕುಳಿತಿದ್ದ ಒಬ್ಬರು ಆಸ್ಪತ್ರೆಯ ವೈಫೈ ಹಾಕಿಕೊಂಡು ಮೊಬೈಲ್ ತೆರೆದರೆ, ಯಾರು ಯಾರದೋ ಕಣ್ಣಿನ ಚಿತ್ರಗಳ ಫೋಲ್ಡರ್ ಅದರಲ್ಲಿ ಕಂಡಿತ್ತು. ಆ ಮನುಷ್ಯ ಎಬ್ಬಿಸಿದ ಗಲಾಟೆ ಆಡಳಿತ ಮಂಡಳಿಯ ಕಿವಿಗೂ ಬಿದ್ದು, ಶುಕ್ರವಾರ ಒಬ್ಬ ಪರೀಕ್ಷಕರನ್ನು ಕಳಿಸುವುದಾಗಿ ಅವರು ತಿಳಿಸಿದ್ದರು. ಸರ್ವರನ್ನು ಹೊರಗಿನ ಕಂಪನಿಯೊಂದಕ್ಕೆ ಒಪ್ಪಿಸುವ ಪತ್ರ ಡಾಕ್ಟರ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು. ಡಾಕ್ಟರು ಅದನ್ನು ಪಕ್ಕಕ್ಕೆ ಸರಿಸಿದರು.

“ಶುಕ್ರವಾರದವರೆಗೆ ಟೈಮ್ ಕೊಡ್ತೀನಿ. ಪರೀಕ್ಷೆ ಪಾಸಾದ್ರೆ ಆ ಕೋಣೆ ನಿಂದು, ಕೆಲಸಾನೂ ಖಾಯಂ. ಇಲ್ಲಾಂದ್ರೆ ಈ ಪತ್ರ ಹೋಗುತ್ತೆ. ಆಮೇಲೆ ನನ್ನನ್ನ ಬೈಕೋಬೇಡ.”

ಮಾಡಬೇಕಾದದ್ದು ಫೈರ್‌ವಾಲ್. ಒಳಗೆ ಬರುವವರನ್ನು ತಡೆದು ವಿಚಾರಿಸುವ ಕಾವಲು ಅದು. ಅದರಲ್ಲಿ ವಲಯಗಳನ್ನು ಮಾಡಿ, ಯಾವ ದಾರಿಯಿಂದ ಬಂದವರಿಗೆ ಎಲ್ಲಿಯವರೆಗೆ ಪ್ರವೇಶ ಎಂದು ಗೊತ್ತುಪಡಿಸಬೇಕು. ಪುಸ್ತಕದಲ್ಲಿ ಹತ್ತು ಪುಟ ಬರೆದಿದ್ದ ಈ ಸಂಗತಿ ಅವಳಿಗೆ ಒಂದೇ ಓದಿಗೆ ಹಿಡಿದಿತ್ತು. ಗೇಟಿನಲ್ಲೇ ಮಾತಾಡಿಸಿ ಕಳಿಸಬೇಕಾದವರು ಯಾರು, ಹೊರಕೋಣೆಯಲ್ಲಿ ಕೂರಿಸಿ ನೀರು ಕೊಡಬೇಕಾದವರು ಯಾರು, ಅಡುಗೆಮನೆವರೆಗೂ ಬರುವ ಸಲುಗೆ ಯಾರಿಗೆ ಎಂಬುದನ್ನು ಮನೆ ನಡೆಸುವ ಹೆಂಗಸಿಗೆ ಬೇರೆಯವರು ಕಲಿಸಬೇಕೆ?

ಸೋಮವಾರ, ಎಲ್ಲರಿಗೂ ತಿಳಿಯಲಿ ಎಂದು ವಲಯಗಳ ಹೆಸರನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ದುಂಡಗೆ ಬರೆದು ಸರ್ವರ್ ಕೋಣೆಯ ಬಾಗಿಲಿಗೆ ಅಂಟಿಸಿದಳು. ಎಡವಟ್ಟಾದದ್ದೇ ಅಲ್ಲಿ. ರೋಗಿಗಳು ಕಾಯುವ ಹಾಲ್‌ನ ವೈಫೈ ಪಬ್ಲಿಕ್ ವಲಯಕ್ಕೆ ಸೇರಿತ್ತು, ಅದಕ್ಕೆ ‘ದಾರಿಹೋಕರು’ ಎಂದು ಬರೆದಳು. ಹೊರಗಿನ ಇಂಟರ್‌ನೆಟ್ ಬರುವ ತಂತಿ ಡ್ರಾಪ್ ವಲಯಕ್ಕೆ. ಅದು ಎಷ್ಟು ತಟ್ಟಿದರೂ ಉತ್ತರವನ್ನೇ ಕೊಡದ ವಲಯ, ಹಾಗಾಗಿ ‘ಕರೆದರೂ ಓ ಅನ್ನದಿರುವುದು’ ಎಂದಾಯಿತು. ರಿಸೆಪ್ಷನ್ ಮತ್ತು ಔಷಧಿ ಅಂಗಡಿ ವರ್ಕ್ ವಲಯ: ‘ಕೆಲಸದವರು’. ಸ್ಕ್ಯಾನ್ ಯಂತ್ರ ಮತ್ತು ಡಾಕ್ಟರ ಕೋಣೆಗಳ ತಂತಿಗಳು ಹೋಮ್ ವಲಯ: ‘ಮನೆಯವರು’. ಕೊನೆಗೆ ಟ್ರಸ್ಟೆಡ್ ಎಂಬುದೊಂದಿತ್ತು. ಅದರಲ್ಲಿದ್ದವರಿಗೆ ಎಲ್ಲ ಬಾಗಿಲೂ ತೆರೆದೇ ಇರುತ್ತವೆ. ಅದಕ್ಕೆ ‘ನಂಬಿಕಸ್ಥರು’ ಎಂದು ಬರೆದು ಮುಂದೆ ಜಾಗ ಖಾಲಿ ಬಿಟ್ಟಳು.

ಹತ್ತು ಗಂಟೆಗೆಲ್ಲ ರಿಸೆಪ್ಷನಿನ ಹುಡುಗಿ ಮುಖ ಊದಿಸಿಕೊಂಡು ಬಂದಳು. “ಏನಕ್ಕಾ, ನಾನು ನಿಮ್ಮನೇಲಿ ಪಾತ್ರೆ ತೊಳೀತೀನಾ? ಕೆಲಸದವರು ಅಂತ ಬಾಗಿಲಿಗೇ ಬರೆದು ಅಂಟಿಸಿದೀರಲ್ಲ.” ಅವಳ ಹಿಂದೆಯೇ ಬಂದ ಔಷಧಿಯಣ್ಣ ಹಾಳೆಯನ್ನು ಎರಡು ಸಲ ಓದಿ, ಮೂರು ಜನ ಡಾಕ್ಟರುಗಳಿಗೂ ‘ಮನೆಯವರು’ ಎಂದು ಬರೆದಿದ್ದೀಯಲ್ಲ, ಗಡಿಯಾರ ರಿಪೇರಿ ಮಾಡುವ ನಿನ್ನ ನಿಜವಾದ ಮನೆಯವರು ಇದನ್ನು ನೋಡಿದರೆ ಏನಂದಾರು ಎಂದ. ಮುನಿಸಿಕೊಂಡಿದ್ದ ಹುಡುಗಿಯೂ ಕಿಸಕ್ಕನೆ ನಕ್ಕಳು. ಕೀಲಿಯಕ್ಕನ ಕಿವಿ ಕೆಂಪಾಗಿ, ಅವಳೂ ನಕ್ಕು ಎರಡು ಹೆಸರನ್ನೂ ತಿದ್ದಿದಳು.

ನಗು ಮುಗಿದರೂ ಔಷಧಿಯಣ್ಣನ ಕಣ್ಣು ಮಾತ್ರ ಖಾಲಿ ಬಿಟ್ಟ ಸಾಲಿನ ಮೇಲೇ ಇತ್ತು. ಇಪ್ಪತ್ತು ವರ್ಷದಿಂದ ಇಲ್ಲಿದ್ದೇನೆ, ನನ್ನನ್ನೂ ನಂಬುವುದಿಲ್ಲವೇ ಎಂದು ಮೆಲ್ಲಗೆ ಕೇಳಿದ. ಡಾಕ್ಟರು ಬರೆದ ಚೀಟಿಗಳನ್ನು ಅವನು ಮೊಬೈಲಿನಲ್ಲೇ ನೋಡುತ್ತಿದ್ದ. ಇದು ಮನುಷ್ಯರನ್ನು ನಂಬುವ ಮಾತಲ್ಲ ಎನ್ನಬೇಕೆಂದುಕೊಂಡಳು, ಆದರೆ ಅವನ ಮುಖ ನೋಡಿದರೆ ಬಾಯಿ ಬರಲಿಲ್ಲ. ನೆಟ್‌ವರ್ಕಿನಲ್ಲಿ ಅವನ ಮೊಬೈಲನ್ನು ಗುರುತಿಸುವ ವಿಳಾಸವನ್ನು ಆ ವಲಯಕ್ಕೆ ಸೇರಿಸಿದಳು. ಯಂತ್ರ ಮೊದಲು ನೋಡುವುದು ವಿಳಾಸವನ್ನು. ಅದು ನಂಬಿಕಸ್ಥರ ಪೈಕಿ ಇದ್ದರೆ ಯಾವ ದಾರಿಯಿಂದ ಬಂದೆ ಎಂದು ಕೇಳುವುದೂ ಇಲ್ಲ. ಅವನಿಗೆ ಕೊಟ್ಟದ್ದು ತನಗೇಕಿಲ್ಲ ಎಂದಳು ರಿಸೆಪ್ಷನಿನ ಹುಡುಗಿ. ಅವಳದೂ ಸೇರಿತು. ಸ್ವತಃ ದೊಡ್ಡ ಡಾಕ್ಟರೇ, ಹಾಲ್‌ನಲ್ಲಿ ಓಡಾಡುವಾಗಲೂ ಚಿತ್ರಗಳು ಕಾಣುವಂತಿರಬೇಕು ಎಂದು ತಮ್ಮ ಲ್ಯಾಪ್‌ಟಾಪ್ ಕಳಿಸಿಕೊಟ್ಟರು. ಬುಧವಾರದ ಹೊತ್ತಿಗೆ ಇನ್ನೂ ಎರಡು ಸೇರಿ, ಒಟ್ಟು ಐದು ವಿಳಾಸಗಳು ಅಲ್ಲಿ ಬೇರು ಬಿಟ್ಟು ಕುಳಿತಿದ್ದವು.

ಅಂದು ಸಂಜೆ ಮನೆಗೆ ಹೋದಾಗ ನಾದಿನಿ ಅವಳ ಬೀರು ತೆರೆದುಕೊಂಡು ನಿಂತಿದ್ದಳು. ಎರಡು ಬೀದಿ ಆಚೆ ಇರುವ ನಾದಿನಿಯ ಬಳಿ ಈ ಮನೆಯ ಕೀಲಿಯೊಂದಿತ್ತು. ಅದನ್ನು ಕೊಟ್ಟವಳೂ ಕೀಲಿಯಕ್ಕನೇ. “ಅತ್ತಿಗೆ, ಈ ನೀಲಿ ಶಾಲು ನೀವು ಹೊದೆಯೋದೇ ಇಲ್ವಲ್ಲ, ನಾನು ತಗೊಳ್ಲಾ?” ಎಂದಳು, ಅದಾಗಲೇ ಹೆಗಲ ಮೇಲಿತ್ತು. ತಗೋ ಎಂದಳು ಕೀಲಿಯಕ್ಕ. ಅದು ಅವಳು ತನ್ನ ಮೊದಲ ಸಂಬಳದಲ್ಲಿ ಕೊಂಡದ್ದು. ನಾದಿನಿ ಹೋದ ಮೇಲೆ ಗಂಡ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆದು, ಇಲ್ಲ ಎಂದರೆ ನನ್ನ ತಂಗಿ ನಿನ್ನನ್ನೇನು ನುಂಗಿಬಿಡುತ್ತಿದ್ದಳೇ ಎಂದು ಕೇಳಿದ. ಅವನ ದನಿಯಲ್ಲಿ ಕೊಂಕಿರಲಿಲ್ಲ. ಅವಳು ಅಡುಗೆಮನೆಗೆ ನಡೆದಳು. ದಾಕ್ಷಿಣ್ಯ ಎಂಬುದನ್ನು ಅವಳು ಇಷ್ಟು ವರ್ಷವೂ ಒಳ್ಳೆಯತನವೆಂದೇ ತಿಳಿದಿದ್ದಳು. ಒಳ್ಳೆಯತನವಾಗಿದ್ದರೆ ಕೊಟ್ಟ ಮೇಲೆ ಎದೆ ಹಗುರಾಗಬೇಕಿತ್ತಲ್ಲ, ಹೀಗೇಕೆ ಉರಿಯುತ್ತದೆ ಎಂದು ಪಾತ್ರೆ ಒರೆಸುತ್ತ ಮೊದಲ ಬಾರಿಗೆ ಯೋಚಿಸಿದಳು.

ಗುರುವಾರ ಮಧ್ಯಾಹ್ನ ಅವಳು ನೀರು ಹಿಡಿಯಲು ಹಾಲ್‌ಗೆ ಬಂದಾಗ, ಬೆಂಚಿನ ಮೇಲೆ ಐದು ವರ್ಷದ ಹೆಣ್ಣುಮಗುವೊಂದು ಕಾಲು ಅಲ್ಲಾಡಿಸುತ್ತ ಮೊಬೈಲ್ ನೋಡುತ್ತಿತ್ತು. ಅದರ ಅಜ್ಜಿಯ ಕಣ್ಣಿಗೆ ಔಷಧ ಹಾಕಿ ಕೂರಿಸಿದ್ದರು. ಮಗು ಅಳುತ್ತದೆಂದು ಔಷಧಿಯಣ್ಣನೇ ತನ್ನ ಮೊಬೈಲ್ ಕೊಟ್ಟಿದ್ದ. ಪಾಪ, ಒಳ್ಳೆಯ ಮನುಷ್ಯ ಎಂದುಕೊಂಡು ಮುಂದೆ ಹೋಗುವಷ್ಟರಲ್ಲಿ ಮಗು ಅವಳ ಸೆರಗು ಹಿಡಿದು ಜಗ್ಗಿತು. “ಇಲ್ನೋಡಿ ಆಂಟಿ, ಕಿತ್ತಳೆಹಣ್ಣು.”

ಕಿತ್ತಳೆಹಣ್ಣಲ್ಲ. ಯಾರದೋ ಕಣ್ಣಿನ ಹಿಂಭಾಗದ ಚಿತ್ರ, ಕೆಂಪು ನರಗಳು ಕವಲೊಡೆದ ಕಿತ್ತಳೆ ಬಣ್ಣದ ಗೋಳ. ಕೆಳಗೆ ರೋಗಿಯ ಹೆಸರು, ವಯಸ್ಸು, ದೃಷ್ಟಿ ಉಳಿಯುವುದು ಅನುಮಾನ ಎಂದು ಡಾಕ್ಟರು ಬರೆದ ಒಂದು ಸಾಲು. ಮಗು ಬೆರಳು ಸರಿಸಿತು. ಇನ್ನೊಬ್ಬರ ಕಣ್ಣು. ಮತ್ತೊಂದು.

ಅವಳು ಮೊಬೈಲನ್ನು ಮೆಲ್ಲಗೆ ಕೇಳಿ ತೆಗೆದುಕೊಂಡು, ಮಗುವಿನ ಕೈಗೆ ತನ್ನ ನೋಟ್‌ಬುಕ್ಕಿನ ಖಾಲಿ ಹಾಳೆ ಮತ್ತು ಪೆನ್ನು ಕೊಟ್ಟು, ಔಷಧಿಯಣ್ಣನ ಮುಂದೆ ಹೋಗಿ ಅದನ್ನು ಹಾಗೆಯೇ ಹಿಡಿದಳು. ಅವನಿಗೆ ಅರ್ಥವಾಯಿತು, ಮುಖ ಸಣ್ಣದಾಯಿತು. ಅವನನ್ನು ಅವಳು ಬಯ್ಯಲಿಲ್ಲ. ತಪ್ಪು ಯಾರದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಡತದ ಬೀರಿನ ಕೀಲಿಯನ್ನು ಒಂಬತ್ತು ವರ್ಷ ಯಾರ ಕೈಗೂ ಕೊಡದವಳು, ಇಲ್ಲಿ ಒಂದು ಮುನಿಸಿಗೆ ಹೆದರಿ ಕೇಳಿದವರಿಗೆಲ್ಲ ಕೀಲಿ ಹಂಚಿದ್ದಳು.

ಸರ್ವರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದೊಂದೇ ವಿಳಾಸವನ್ನು ಬಿಡಿಸಿದಳು. ನಾಲ್ಕು ಹೋದ ಮೇಲೆ ಉಳಿದ ಐದನೆಯದು ಅವಳದೇ ಕಂಪ್ಯೂಟರು. ಅನುಕೂಲಕ್ಕೆಂದು ತಾನೇ ಸೇರಿಸಿಕೊಂಡಿದ್ದು. ಒಂದು ಕ್ಷಣ ಕೈ ತಡೆಯಿತು. ಅದನ್ನೂ ತೆಗೆದಳು.

ದೊಡ್ಡ ಡಾಕ್ಟರು ಅರ್ಧ ಗಂಟೆಯೊಳಗೆ ಕರೆಸಿದರು. ಲ್ಯಾಪ್‌ಟಾಪಿನಲ್ಲಿ ಚಿತ್ರ ಬರುತ್ತಿಲ್ಲ ಎಂದರು. ಬರುವುದಿಲ್ಲ, ತಾನೇ ತೆಗೆದದ್ದು ಎಂದು ಹೇಳಿ, ಹಾಲ್‌ನಲ್ಲಿ ಕಂಡದ್ದನ್ನೂ ಮುಚ್ಚಿಡದೆ ಹೇಳಿದಳು. ಡಾಕ್ಟರ ಹುಬ್ಬು ಗಂಟಿಕ್ಕಿತು.

“ಅದು ಅವನ ಮೊಬೈಲು. ನನ್ನ ಲ್ಯಾಪ್‌ಟಾಪ್ ಮುಟ್ಟೋಕೆ ಯಾರಿಗಮ್ಮ ಧೈರ್ಯ ಇದೆ? ನನ್ನೊಬ್ಬಳದ್ದು ಇರಲಿ, ಸೇರಿಸು.”

ಮೇಜಿನ ಮೇಲೆ ಕಂಪನಿಯ ಪತ್ರ ಹಾಗೆಯೇ ಇತ್ತು. ಇವರನ್ನು ಎದುರು ಹಾಕಿಕೊಂಡರೆ ನಾಳಿನ ಪರೀಕ್ಷೆಯ ಪ್ರಶ್ನೆಯೇ ಬರುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

“ಇಲ್ಲ ಮೇಡಂ, ಸೇರಿಸಲ್ಲ. ಆ ಪಟ್ಟಿಲಿ ಈಗ ನಾನೂ ಇಲ್ಲ.”

ಮಾತು ನಿಲ್ಲಿಸಿದರೆ ಮತ್ತೆ ಬಾಯಿ ಕಟ್ಟೀತೆಂದು ಅವಳೇ ಮುಂದುವರಿಸಿದಳು. ಡಾಕ್ಟರ ಕೋಣೆಯ ತಂತಿ ಹಾಕಿಕೊಂಡರೆ ಚಿತ್ರಗಳ ಬಾಗಿಲು ಒಂದು ತೆರೆಯುತ್ತದೆ, ಅವರಿಗೆ ಬೇಕಾದದ್ದೂ ಅದೊಂದೇ. ಹಾಲ್‌ನಲ್ಲಿ ಓಡಾಡುವಾಗ ಮಾತ್ರ ಅವರೂ ಬೇರೆಯವರ ಹಾಗೆಯೇ ದಾರಿಹೋಕರು ಎಂದಳು. ಔಷಧಿಯಣ್ಣನಿಗೆ ಚೀಟಿ ನೋಡಲು ಅಂಗಡಿಯ ಕಂಪ್ಯೂಟರಿನಲ್ಲೇ ದಾರಿ ಮಾಡಿದ್ದೇನೆ ಎಂದೂ ಹೇಳಿದಳು. ಡಾಕ್ಟರು ತುಸು ಹೊತ್ತು ಕನ್ನಡಕದ ಗಾಜು ಒರೆಸಿದರು. ಕೊನೆಗೆ ಮೇಜಿನ ಕೆಳಗೆ ಬಗ್ಗಿ, ಆ ತಂತಿ ಇದೇ ಏನು ಎಂದು ಕೇಳಿದರು.

ಶುಕ್ರವಾರ ಬಂದ ಪರೀಕ್ಷಕಿ ಮೂವತ್ತರ ಆಸುಪಾಸಿನವಳು, ಗಡಿಬಿಡಿಯ ಮಾತಿನವಳು. ಎರಡು ಗಂಟೆ ಹಾಲ್‌ನಲ್ಲಿ, ರಿಸೆಪ್ಷನಿನಲ್ಲಿ, ಕೊನೆಗೆ ರಸ್ತೆಯಲ್ಲಿ ನಿಲ್ಲಿಸಿದ್ದ ಕಾರಿನಲ್ಲೂ ಕುಳಿತು ತನ್ನ ಲ್ಯಾಪ್‌ಟಾಪಿನಿಂದ ಸರ್ವರಿನ ಎಲ್ಲ ಬಾಗಿಲುಗಳನ್ನೂ ತಟ್ಟಿ ನೋಡಿದಳು. ಆಮೇಲೆ ಸರ್ವರ್ ಕೋಣೆಗೆ ಬಂದು ವಲಯಗಳ ಪಟ್ಟಿ ನೋಡುತ್ತ ಕೇಳಿದಳು, “ಪರ್ಮನೆಂಟಾ ಮೇಡಂ?”

ಬಾಗಿಲಲ್ಲಿ ನಿಂತಿದ್ದ ದೊಡ್ಡ ಡಾಕ್ಟರ ಕಡೆ ನೋಡದೆ ಕೀಲಿಯಕ್ಕ ತಗ್ಗಿದ ದನಿಯಲ್ಲಿ ಹೇಳಿದಳು, “ಇಲ್ಲಮ್ಮ, ಒಂಬತ್ತು ವರ್ಷದಿಂದ ಟೆಂಪರರಿನೇ.”

ಪರೀಕ್ಷಕಿ ಕಕ್ಕಾಬಿಕ್ಕಿಯಾದಳು. ಅವಳು ಕೇಳಿದ್ದು ನಿಯಮಗಳ ವಿಷಯ. ಬದಲಾವಣೆ ಮಾಡುವಾಗ ಪರ್ಮನೆಂಟ್ ಎಂಬ ಒಂದು ಪದ ಸೇರಿಸದಿದ್ದರೆ, ಯಂತ್ರ ಮತ್ತೆ ಶುರುವಾದಾಗ ಅದೆಲ್ಲ ಅಳಿಸಿಹೋಗಿ ಹಳೆಯದೇ ಬಂದು ಕೂರುತ್ತದೆ. ತಪ್ಪು ತಿಳಿದ ಕೂಡಲೇ ಕೀಲಿಯಕ್ಕನಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ದೊಡ್ಡ ಡಾಕ್ಟರು ಮಾತ್ರ ಗಂಟಲು ಸರಿಮಾಡಿಕೊಂಡು ಗೋಡೆ ನೋಡಿದರು. ನಿಯಮಗಳು ಪರ್ಮನೆಂಟೇ ಎಂದು ಅವಳು ತಿದ್ದಿಕೊಂಡಳು. ಹಾಗಾದರೆ ನೋಡೇಬಿಡೋಣ ಎಂದು ಪರೀಕ್ಷಕಿ ಯಂತ್ರವನ್ನು ನಿಲ್ಲಿಸಿ ಮತ್ತೆ ಶುರುಮಾಡಿದಳು.

ಪರದೆ ಕಪ್ಪಾಯಿತು. ಫ್ಯಾನಿನ ಸದ್ದು ನಿಂತು, ಮತ್ತೆ ಏರಿತು. ಗುರುವಾರದ ಅವಸರದಲ್ಲಿ ಐದೂ ಸಲ ಆ ಪದ ಒತ್ತಿದ್ದೆನೋ ಇಲ್ಲವೋ ಎಂದು ಅವಳು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ನಿಂತಳು. ಅಕ್ಷರಗಳು ಸಾಲಾಗಿ ಇಳಿದವು. ದಾರಿಹೋಕರು ಅವರ ಜಾಗದಲ್ಲಿ, ಹೋಮ್ ವಲಯದವರು ಅವರ ಜಾಗದಲ್ಲಿ. ಟ್ರಸ್ಟೆಡ್ ಎದುರು ಏನೂ ಇರಲಿಲ್ಲ. ಪರೀಕ್ಷಕಿ ಆ ಖಾಲಿ ಜಾಗದ ಮೇಲೆ ಬೆರಳಿಟ್ಟು, ಇಷ್ಟು ಆಸ್ಪತ್ರೆ ಸುತ್ತಿದ್ದೇನೆ, ಇದು ಖಾಲಿ ಇರುವುದನ್ನು ಇವತ್ತೇ ನೋಡಿದ್ದು, ಎಲ್ಲ ಕಡೆ ಮೊದಲು ಡಾಕ್ಟರೇ ಬಂದು ಕೂತಿರುತ್ತಾರೆ ಎಂದು ನಕ್ಕಳು. ವರದಿಗೆ ಅಲ್ಲೇ ಸಹಿ ಹಾಕಿದಳು.

ಅವಳು ಹೋದ ಮೇಲೆ ದೊಡ್ಡ ಡಾಕ್ಟರು ಹೊರಡಲಿಲ್ಲ. ಕೋಣೆಯ ಒಂದೇ ಒಂದು ಕುರ್ಚಿಯಲ್ಲಿ ಕುಳಿತರು.

“ಒಂಬತ್ತು ವರ್ಷ ಆಯ್ತಾ? ನಾನು ಐದೋ ಆರೋ ಅಂದ್ಕೊಂಡಿದ್ದೆ.” ಮತ್ತೆ ಹೇಳಿದರು, “ಆರ್ಡರ್ ಇವತ್ತೇ ಟೈಪ್ ಮಾಡಿಸ್ತೀನಿ. ನಾಳೆ ರಜಾ ಆದ್ರೂ ಬಂದುಬಿಡು, ನಮ್ಮ ಇನ್ನೊಂದು ಕ್ಲಿನಿಕ್ಕಿನ ಮೆಷಿನ್ನೂ ನೋಡ್ಕೊಂಡು ಬರೋಣ.”

ಆಗಲಿ ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅವಳು ಅದನ್ನು ಅಲ್ಲೇ ಹಿಡಿದು ನಿಲ್ಲಿಸಿದಳು.

“ನಾಳೆ ಆಗಲ್ಲ ಮೇಡಂ. ಸೋಮವಾರ ಹೋಗೋಣ.”

ಇಂಥ ಮಾತು ಹೇಳಿದ ಮೇಲೆ ಏನಾದರೂ ಕಾರಣ ಕೊಡಬೇಕು ಎಂದು ಒಂದು ಗಳಿಗೆ ಚಡಪಡಿಸಿದಳು. ಕಾರಣವನ್ನು ಯಾರೂ ಕೇಳಲಿಲ್ಲ. ಡಾಕ್ಟರು ಸೋಮವಾರವೇ ಸರಿ ಎಂದು ಎದ್ದು, ಕಾಯುತ್ತಿದ್ದ ರೋಗಿಗಳ ಕಡೆ ನಡೆದರು. ಕೀಲಿಯಕ್ಕ ಆ ಬಿಸಿಯಾರದ ಕುರ್ಚಿಯಲ್ಲಿ ಕುಳಿತು, ಕಾಲು ಚಾಚಿ, ಕೋಣೆಯನ್ನೊಮ್ಮೆ ಸುತ್ತ ನೋಡಿದಳು. ಕಿಟಕಿಗೊಂದು ಪರದೆ ಬೇಕು ಅನ್ನಿಸಿತು.