ಕೋದಂಡನ ಎಡೆ

"ಅಪ್ಪ ಒಳಗೆ ಕೂತು ಉಣ್ತಿರ್ತಾನೆ, ಮಗ ಬಾಗ್ಲಲ್ಲಿ ನಿಂತು ನೋಡ್ತಿರ್ತಾನೆ. ಇದನ್ನ ನಾನು ಹೆಂಗೆ ತಡ್ಕೊಳ್ಲೇ ಶಾಮ್ಲಾ?"

ಮಹಾಲಯ ಅಮಾವಾಸ್ಯೆ ಹತ್ತಿರವಾದಾಗಿನಿಂದ ಅಕ್ಕಯಮ್ಮನದು ಇದೊಂದೇ ಮಾತು. ಆ ವರ್ಷದ ಬೇಸಿಗೆಯಲ್ಲಿ ಅವಳ ಗಂಡ ವೆಂಕಟರಾಯಪ್ಪ ತೀರಿಕೊಂಡಿದ್ದ. ಸತ್ತ ಹಿರಿಯರ ಸಾಲಿನಲ್ಲಿ ಅವನಿಗೆ ಇದು ಮೊದಲ ಎಡೆ. ಹಿರಿಮಗ ಕೋದಂಡರಾಮನಿಗೆ ಮಾತ್ರ ಎಪ್ಪತ್ತೊಂದರ ಯುದ್ಧದಿಂದ ಇವತ್ತಿನವರೆಗೂ ಯಾರೂ ಎಲೆ ಹಾಕಿರಲಿಲ್ಲ.

ಸೊಸೆ ಶಾಮಲಮ್ಮ, ಕೋದಂಡನ ಹೆಂಡತಿ, ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು. ಅತ್ತೆ ಕೇಳುತ್ತಿರುವುದು ಒಂದು ಎಲೆ ಅನ್ನವನ್ನಲ್ಲ ಎಂದು ಅವಳಿಗೆ ಗೊತ್ತಿತ್ತು. ಗಂಡನಿಗೆ ಎಡೆ ಇಟ್ಟ ದಿನ ಅವನು ಸತ್ತ ಎಂದು ಮನೆ ಒಪ್ಪಿಕೊಂಡಂತೆ. ಒಪ್ಪಿಕೊಂಡ ಮೇಲೆ ಬಾವಿಕಟ್ಟೆ ಇದೆ, ಬಳೆ ಒಡೆಯುವ ಕಲ್ಲು ಇದೆ, ಹಣೆ ಒರೆಸುವ ಕೈಗಳಿಗಂತೂ ಊರಲ್ಲಿ ಬರವಿಲ್ಲ.

ನಂಗಲಿ ಪಕ್ಕದ ಆ ಹಳ್ಳಿಯಿಂದ ವಿಮಾನ ಹತ್ತಿದವನು ಕೋದಂಡನೊಬ್ಬನೇ. ಬುತ್ತಿ ಕಟ್ಟಿಕೊಂಡು ಕೋಲಾರಕ್ಕೆ ಹೋಗಿ ಓದಿದ. ಅಲ್ಲಿಂದ ವಾಯುಪಡೆಗೆ ಹೋದ. ಮದರಾಸಿನ ಕಡೆಗೆ ಯಾವ ವಿಮಾನ ಹಾದರೂ ರಾಗಿ ಹೊಲದಲ್ಲಿ ಕಳೆ ಕೀಳುವವರು ಸೊಂಟ ಎತ್ತಿ "ಅಗೋ, ನಮ್ಮ ಕೋದಂಡ ಹೋದ" ಅನ್ನುತ್ತಿದ್ದರು. ಯುದ್ಧ ಬಂತು. ರೇಡಿಯೋ ಗೆದ್ದೆವು ಎಂದಿತು. ಕೋದಂಡ ಬರಲಿಲ್ಲ.

ಮರುಬೇಸಿಗೆಯಲ್ಲಿ ಅವನ ಜೊತೆಗೆ ಹಾರಿದ್ದ ಹಾಸನದ ಕಡೆಯ ಹುಡುಗ ಹುಡುಕಿಕೊಂಡು ಬಂದ. ಜಗಲಿಯ ಮೇಲೆ ಕೂತು, ಎರಡು ಅಂಗೈಗಳನ್ನೇ ವಿಮಾನ ಮಾಡಿಕೊಂಡು ಹೇಳಿದ.

"ನಾವು ನಾಲ್ಕು ವಿಮಾನ ಹೋಗಿದ್ವಿ. ರೈಲ್ವೆ ಯಾರ್ಡಿಗೆ ಬಾಂಬ್ ಹಾಕಿ ತಿರುಗೋಷ್ಟರಲ್ಲಿ ಅವರದೊಂದು ನನ್ನ ಬೆನ್ನಿಗೆ ಬಿತ್ತು. ಕೋದಂಡ ಮುಂದೆ ಇದ್ದ, ಅಷ್ಟೊತ್ತಿಗೆ ಗಡಿ ದಾಟಿಬಿಡಬಹುದಿತ್ತು. ನನಗೋಸ್ಕರ ವಾಪಸ್ ತಿರುಗಿದ." ಬಲ ಅಂಗೈ ವಾಲಿ ತಿರುಗಿತು. "ನನ್ನ ಬೆನ್ನು ಬಿಡಿಸ್ದ. ಮೇಲೆ ಇನ್ನೊಂದು ಕಾಯ್ತಿತ್ತು, ಅವನು ನೋಡ್ಲಿಲ್ಲ. ರೆಕ್ಕೆ ಬುಡಕ್ಕೆ ಬೆಂಕಿ ಹತ್ತಿತು. ಪ್ಯಾರಾಚೂಟ್ ಬಿಚ್ಕೊಳ್ಳುತ್ತೆ ಅಂತ ನೋಡಿದೆ, ನೋಡಿದೆ..." ಅಂಗೈ ತೊಡೆಯ ಮೇಲೆ ಬಿತ್ತು.

ವೆಂಕಟರಾಯಪ್ಪ ಕೇಳಿದ್ದು ಒಂದೇ. "ಹೆಣ ನೋಡಿದ್ಯೇನಪ್ಪಾ?"

"ಇಲ್ಲ."

"ಹಂಗಾದ್ರೆ ನಮ್ಮನೇಲಿ ಬಳೆ ಒಡೆಯಲ್ಲ." ಟವೆಲು ಕೊಡವಿ ಹೊಲಕ್ಕೆ ಹೋಗಿಬಿಟ್ಟ.

ಸರ್ಕಾರವೂ 'ಕಾಣೆ' ಎಂದೇ ಹೇಳಿತು. ಎಮ್ಮೆ ಕಾಣೆಯಾಗುತ್ತದೆ, ಚೊಂಬು ಕಾಣೆಯಾಗುತ್ತದೆ. ತಾವೇ ವಿಮಾನದೊಳಗೆ ಕೂರಿಸಿ ಯುದ್ಧಕ್ಕೆ ಕಳಿಸಿದವನನ್ನು ಕಾಣೆ ಅನ್ನಲು ಎಂಥ ನಾಲಿಗೆ ಬೇಕು? ಆದರೆ ಆ ಸುಳ್ಳಿನ ನೆರಳಲ್ಲೇ ಶಾಮಲಮ್ಮ ಬದುಕಿದಳು. ಗಂಡ ಬರುತ್ತಾನೆಂದು ಅವಳು ಒಂದು ದಿನವೂ ಕಾದವಳಲ್ಲ. ಹುಳದ ಮನೆಯಲ್ಲಿ, ಸಾವಿರಾರು ಹುಳು ಸೊಪ್ಪು ಮೇಯುವ ಸದ್ದಿನೊಳಗೆ, ಯಾರಿಗೂ ಕೇಳದಂತೆ ಹುಳು ಗೂಡು ಕಟ್ಟಿ ಒಂದು ಬೆಳೆ ಮುಗಿಯುವ ತನಕ ಅತ್ತಳು. ಆಮೇಲೆ ಗೂಡು ಬಿಡಿಸಿದಳು, ತಟ್ಟೆ ತೊಳೆದಳು.

ಅವಳ ಕೈಗುಣ ದೊಡ್ಡದೆಂದು ಬೀದಿಯೇ ಹೇಳುತ್ತಿತ್ತು. ಮೊಟ್ಟೆಯೊಡೆದ ಎಳೆ ಹುಳುವಿಗೆ ಮೊದಲ ಸೊಪ್ಪು ಹಾಕಲು ಮನೆಮನೆಯಿಂದ ಕರೆ ಬರುತ್ತಿತ್ತು. ಹಾಕಿ ಬಂದರೆ ಆ ಮನೆಯಲ್ಲಿ ಹುಳು ಸಾಯುವುದಿಲ್ಲವಂತೆ. ವಿಧವೆ ಎನಿಸಿಕೊಂಡರೆ ಮರುದಿನವೇ ಅದೇ ಕೈ ಕೆಟ್ಟ ಕೈ. ಬೆರಳು ಅವೇ, ಸೊಪ್ಪು ಅದೇ.

ಅಮಾವಾಸ್ಯೆಯ ದಿನ ಮಟನ್ ಸಾರು ಕುದಿಯುತ್ತಿತ್ತು, ವಡೆ ಬೇಯುತ್ತಿತ್ತು. ಮೈದುನ ಶ್ರೀನಿವಾಸಪ್ಪ ಕುಲದ ಯಜಮಾನ ಚನ್ನರಾಯಪ್ಪನನ್ನು ಕರೆತಂದ. ಹಿಂದೆ ನೆಂಟರು ಬಂದು ಪಡಸಾಲೆ ತುಂಬಿತು. ಶ್ರೀನಿವಾಸಪ್ಪ ಮುಳಬಾಗಿಲಿನಿಂದ ಅಣ್ಣನಿಗೆಂದು ಹೊಸ ಪಂಚೆ ತಂದಿದ್ದ.

ಅವನ ಹೆಂಡತಿ ಆಂಜಿನಮ್ಮ ಒಲೆ ಮುಂದಿನಿಂದಲೇ ಅಂದಳು: "ಪಂಚೆ ಯಾಕ್ರೀ? ಭಾವ ಪ್ಯಾಂಟ್ ಹಾಕೋರು. ಏರೋಪ್ಲೇನಲ್ಲಿ ಪಂಚೆ ಉಟ್ರೆ ಗಾಳಿಗೆ ನಿಲ್ಲುತ್ತಾ?"

"ನೀನು ಬಾಯ್ಮುಚ್ಕೊಂಡು ವಡೆ ತಟ್ಟೇ."

ಚನ್ನರಾಯಪ್ಪ ಎಲೆಅಡಿಕೆ ಜಗಿಯುತ್ತ ಶುರುಮಾಡಿದ. "ಏನಮ್ಮಾ ಶಾಮಲಮ್ಮ, ನಿಮ್ಮ ಮಾವ ಇರೋ ತಂಕ ನಾವು ಮಾತಾಡ್ಲಿಲ್ಲ. ಈಗ ನಿಮ್ಮತ್ತೆ ಹೊಟ್ಟೆ ಉರೀತಾ ಐತೆ. ಮೊದ್ಲು ಬಾವಿ ಹತ್ರ ಆಗಬೇಕಾದ್ದು ಆಗ್ಲಿ. ಆಮೇಲೆ ಎಡೆ."

ಶಾಮಲಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಹಿಂದಿನ ದಿನದಿಂದ ಹುಳುವಿಗೆ ಸೊಪ್ಪು ಹಾಕಿ, ಅಡುಗೆಗೆ ರುಬ್ಬಿ, ಅವಳು ದಣಿದುಹೋಗಿದ್ದಳು. ಜಗಳಕ್ಕೆ ಬೇಕಾದ ದನಿಯೂ ಉಳಿದಿರಲಿಲ್ಲ.

"ಎಡೆ ಇಡೋಣ ಚನ್ನರಾಯಪ್ಪನೋರೇ. ನಾನೇ ಇಡ್ತೀನಿ. ಅವರು ಸತ್ತಿದಾರೆ ಅಂತ ನಿಮಗಿಂತ ಮೊದ್ಲು ನನಗೆ ಗೊತ್ತು. ಆದ್ರೆ ಬಾವಿ ಹತ್ರ ನಾನು ಬರಲ್ಲ."

ಪಡಸಾಲೆಯಲ್ಲಿ ಗದ್ದಲವೆದ್ದಿತು. ಶ್ರೀನಿವಾಸಪ್ಪ ನಕ್ಕೇಬಿಟ್ಟ. "ಅತ್ಗೆಮ್ಮ, ಹಣೇಲಿ ಕುಂಕುಮ ಇಟ್ಕೊಂಡು ಗಂಡನಿಗೆ ಎಡೆ ಇಡ್ತೀರಾ? ನಗಲ್ವಾ ಜನ?"

"ನಗ್ಲಿ ಬಿಡಪ್ಪ. ಪಾಪ, ಅವರಿಗೂ ಹಬ್ಬ."

"ದೇಶಕ್ಕೋಸ್ಕರ ಪ್ರಾಣ ಕೊಟ್ಟೋನಮ್ಮಾ ಅವನು!" ಚನ್ನರಾಯಪ್ಪ ಗುಡುಗಿದ. "ಅವನ ಹೆಂಡ್ತಿ ಅಂದ್ರೆ ಒಂದು ಮರ್ಯಾದೆ ಬೇಡ್ವಾ?"

"ದೇಶಕ್ಕೆ ಅವರು ಕೊಟ್ಟಿದ್ದು ಸಾಲದಾ? ಇನ್ನು ನನ್ನ ಹಣೆನೂ ಬೇಕಾ ದೇಶಕ್ಕೆ? ಒಂದು ವೇಳೆ ಅಲ್ಲಿ ನಾನೇ ಬಿದ್ದು ಉರಿದಿದ್ರೆ ಅವರಿಗೆ ಏನು ಒಡೀತಿದ್ರಿ, ಯಜಮಾನ್ರೇ? ಇಷ್ಟೊತ್ತಿಗೆ ಇನ್ನೊಂದು ಮದುವೆ ಊಟ ಉಂಡು ಮರ್ತಿರ್ತಿದ್ರಿ."

ಗೋಡೆಗೊರಗಿದ್ದ ಅಕ್ಕಯಮ್ಮ ಆಗ ಚೀರಿದಳು. ತನ್ನ ಬೋಳು ಕೈಗಳನ್ನು ಮುಂದೆ ಚಾಚಿದಳು. "ನಾನು ಒಡ್ಕೊಳ್ಲಿಲ್ವಾ? ಈ ವಯಸ್ಸಲ್ಲಿ, ಊರೆಲ್ಲಾ ನಿಂತು ನೋಡುವಾಗ, ನಾನು ಒಡ್ಕೊಳ್ಲಿಲ್ವೇನೇ? ನೀನೇನು ಮ್ಯಾಲಿಂದ ಇಳಿದು ಬಂದೋಳಾ?"

ಶಾಮಲಮ್ಮ ಅತ್ತೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಒಡ್ಕೊಂಡ್ರಿ ಅತ್ತೆ. ಗಾಜು ಚುಚ್ಚಿ ರಕ್ತ ಬಂತು, ನಾನೇ ಅರಿಶಿನ ಮೆತ್ತಿದೆ. ಹೇಳಿ, ಅದ್ರಿಂದ ಮಾವನಿಗೆ ಏನು ಸುಖ ಆಯ್ತು? ನಿಮಗೇನಾಯ್ತು? ಅವತ್ತಿಂದ ನೀವು ಬೆಳಿಗ್ಗೆ ಎದ್ದು ಬೀದಿ ಬಾಗ್ಲಿಗೆ ಬರೋದನ್ನೇ ಬಿಟ್ರಿ, ಎದುರಿಗೆ ಬಂದೋರಿಗೆ ಅಪಶಕುನ ಆಗುತ್ತೆ ಅಂತ. ನಿಮ್ಮ ಮನೆ ಬಾಗ್ಲು ಅತ್ತೆ ಅದು."

ಅಕ್ಕಯಮ್ಮ ಮಣಿಕಟ್ಟಿನ ಮೇಲೆ ಇನ್ನೂ ಮಾಸದ ಕಲೆಯನ್ನು ಹೆಬ್ಬೆರಳಿಂದ ಉಜ್ಜುತ್ತ ಕೂತಳು. ಒಳಗಿನ ಸಾರಿನ ವಾಸನೆ ಪಡಸಾಲೆಗೆ ಬರುತ್ತಿತ್ತು. ನೆಂಟರಲ್ಲಿ ಯಾರೋ ಕೆಮ್ಮಿದರು.

"ತೀರ್ಮಾನ ಹೇಳಮ್ಮಾ ಅಕ್ಕಯಮ್ಮ," ಅಂದ ಚನ್ನರಾಯಪ್ಪ. "ಇಂಥ ಎಡೆಗೆ ನಾವಂತೂ ಕೂರಲ್ಲ. ನಾಳೆ ಇವಳ ಕೈಲಿ ಯಾರು ಸೊಪ್ಪು ಹಾಕಿಸ್ತಾರೋ ಅದನ್ನೂ ನೋಡ್ತೀನಿ."

ಮುದುಕಿ ಸೊಸೆಯನ್ನು ನೋಡಿದಳು, ಯಜಮಾನನನ್ನು ನೋಡಿದಳು. ಚನ್ನರಾಯಪ್ಪನಿಗೆ ಅಂದಳು: "ನೀನು ಹೋಗಿ ಬಾ ನಾಯನಾ. ನನ್ನ ಮಗ ಹಸ್ಕೊಂಡವ್ನೆ. ಈ ಪಂಚಾಯ್ತಿ ಮುಗಿಯೋ ತಂಕ ಅವನು ಕಾಯಲಾರ."

ಚನ್ನರಾಯಪ್ಪ ಎದ್ದ. ಅವನ ಹಿಂದೆ ಒಬ್ಬೊಬ್ಬರಾಗಿ ನೆಂಟರೂ ಎದ್ದರು. ಶ್ರೀನಿವಾಸಪ್ಪ ಪಂಚೆಯನ್ನು ಜಗಲಿಗೆ ಎಸೆದು, ಚಪ್ಪಲಿ ಮೆಟ್ಟಿ, ಹೆದ್ದಾರಿಯ ಕಡೆಗೆ ಹೋದ. ಆಂಜಿನಮ್ಮ ಗಂಡ ಹೋದ ದಾರಿಯನ್ನೂ ಬಾಣಲೆಯನ್ನೂ ನೋಡಿ, "ಎಣ್ಣೆ ಕಾದೈತೆ ಅಕ್ಕ, ಇದೊಂದು ಸುತ್ತು ತೆಗೆದ್ಬಿಡ್ತೀನಿ" ಅಂದಳು.

ಹೊತ್ತಿಳಿಯುವಾಗ ಒಳಕೋಣೆಯಲ್ಲಿ ಶಾಮಲಮ್ಮ ಪಕ್ಕಪಕ್ಕದಲ್ಲಿ ಎರಡು ಎಲೆ ಹಾಸಿದಳು. ಮುದ್ದೆ, ಸಾರು, ವಡೆ, ಕಜ್ಜಾಯ. ಮಾವನ ಎಲೆಯ ಪಕ್ಕ ಬೀಡಿ ಕಟ್ಟು. ಗಂಡನ ಎಲೆಯ ತುದಿಗೆ, ಅವನು ರಜೆಗೆ ಬಂದಾಗಲೆಲ್ಲ ಕೇಳುತ್ತಿದ್ದ ಹುಚ್ಚೆಳ್ಳು ಚಟ್ನಿ. ಗಂಡಸರು ಹಾಕಬೇಕಾದ ಧೂಪವನ್ನು ಅವಳೇ ಹಾಕಿದಳು. ಹಿರಿಯರು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಹೊರಗೆ ಬಂದಳು.

ಹೊರಗೆ ಬಡಿಸಲು ಯಾರೂ ಇರಲಿಲ್ಲ. ದೊಡ್ಡ ಪಾತ್ರೆಗಳ ತುಂಬ ಅಡುಗೆ ಹಾಗೇ ಇತ್ತು. ಅತ್ತೆ ಸೊಸೆ ಮುಚ್ಚಿದ ಬಾಗಿಲ ಆಚೀಚೆ ಗೋಡೆಗೆ ಒರಗಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ಆಂಜಿನಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಬಾಗ್ಲು ತೆಗೀಲಾ ಅತ್ತೆ? ಕಾಗೆಗೆ ಇಡಬೇಕು, ಕತ್ತಲಾಗುತ್ತೆ."

"ಇರ್ಲಿ ಕಣೇ," ಅಂದಳು ಅಕ್ಕಯಮ್ಮ. "ಅಪ್ಪ ಮಗ ಮಾತಾಡ್ಕೊಂಡು ನಿಧಾನವಾಗಿ ಉಣ್ಲಿ." ಆಮೇಲೆ ದನಿ ತಗ್ಗಿಸಿದಳು. "ಅವಳನ್ನ ಎಬ್ಬಿಸಬೇಡ."

ಶಾಮಲಮ್ಮ ಬಾಯಿ ತುಸು ತೆರೆದು, ಗೋಡೆಗೆ ತಲೆಯಾನಿಸಿ ನಿದ್ದೆಹೋಗಿದ್ದಳು.