ಗುತ್ಯಮ್ಮನ ಒಪ್ಪಿಗೆ

ಸಾಗರದಲ್ಲಿ ಬಿಎಸ್ಸಿ ಮುಗಿಸಿದ ಶ್ರಾವ್ಯಾ ಆಸ್ಟ್ರೇಲಿಯಾದ ಒಂದು ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಿದ್ದಳು. ಪದವಿ ಆದವರನ್ನು ಮಾತ್ರ ತೆಗೆದುಕೊಳ್ಳುವ ಕಾಲೇಜು ಅದು. ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಿತ್ತು. ತಾನೇಕೆ ವೈದ್ಯೆಯಾಗಬೇಕು ಎಂದು ಅವಳು ಬರೆದಿದ್ದ ಪ್ರಬಂಧವೂ ಅವರಿಗೆ ಹಿಡಿಸಿತ್ತು. ಸಂದರ್ಶನಕ್ಕೆ ಕರೆ ಬಂದ ದಿನವೇ ಇನ್ನೊಂದು ಇಮೇಲ್ ಬಂತು: ಪ್ರಬಂಧದಲ್ಲಿ ರೋಗಿಯೊಬ್ಬರ ಹೆಸರಿದೆ, ಅವರ ಮನೆಯವರು ಸಹಿ ಮಾಡಿದ ಒಪ್ಪಿಗೆ ಪತ್ರ ಹತ್ತು ದಿನದೊಳಗೆ ಬೇಕು.

ಆ ರೋಗಿ ಆಶಾ. ಹೊಸನಗರದ ಹತ್ತಿರದ ಹಳ್ಳಿಯವಳು, ಶ್ರಾವ್ಯಾಳದೇ ವಯಸ್ಸು. ಹಿಂದಿನ ವರ್ಷ ಮಂಗನ ಕಾಯಿಲೆ ಬಂದು ತೀರಿಕೊಂಡಿದ್ದಳು. ಆಗ ಶ್ರಾವ್ಯಾ ಒಂದು ಸಂಸ್ಥೆಯ ಪರವಾಗಿ ವಾರಕ್ಕೊಮ್ಮೆ ಆ ಊರಿಗೆ ಹೋಗಿ, ಕಾಡಿಗೆ ದರಗು, ಅಂದರೆ ಒಣಗಿದ ಎಲೆ, ತರಲು ಹೋಗುವವರಿಗೆ ಆ ಕಾಯಿಲೆ ಹರಡುವ ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಎಣ್ಣೆ ಕೊಟ್ಟು ಬರುತ್ತಿದ್ದಳು.

ಅವಳಿಗೆ ಶಿಫಾರಸು ಪತ್ರ ಬರೆದುಕೊಟ್ಟಿದ್ದವರು ರಸಾಯನಶಾಸ್ತ್ರದ ಮೇಷ್ಟ್ರು ಹರ್ಷವರ್ಧನ. "ಒಂದು ಸಹಿ ತಾನೇ, ಹಾಕಿಸ್ಕೊಂಡು ಬಾ" ಎಂದರು.

ಆಶಾಳ ತಾಯಿ ಗುತ್ಯಮ್ಮ ಅಂಗಳದಲ್ಲಿ ಅಂಟುವಾಳದ ಕಾಯಿ ಒಣಗಲು ಹರವುತ್ತಿದ್ದಳು. ಶ್ರಾವ್ಯಾಳನ್ನು ಕಂಡು ಮುಖ ಅರಳಿತು. ವಿಷಯ ಕೇಳಿದ ಮೇಲೆ ಕೈ ಒರೆಸಿಕೊಂಡು ಜಗಲಿಯಲ್ಲಿ ಕೂತಳು.

"ಎಂತ ಬರ್ದೀಯ ಅದ್ರಗೆ? ಓದು ಮಗಾ, ಕೇಳ್ತೀನಿ."

ಶ್ರಾವ್ಯಾ ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳುತ್ತಾ ಹೋದಳು. ಒಂದು ಸಾಲನ್ನು ಬಿಟ್ಟುಬಿಡಬಹುದಿತ್ತು, ಗುತ್ಯಮ್ಮನಿಗೆ ತಿಳಿಯುತ್ತಿರಲಿಲ್ಲ. ಆದರೆ ಅವಳು ಕಣ್ಣು ಮಿಟುಕಿಸದೆ ಇವಳ ಮುಖವನ್ನೇ ನೋಡುತ್ತಿದ್ದಳು. ಶ್ರಾವ್ಯಾ ಓದಿದಳು: "ಆಂಬುಲೆನ್ಸ್ ಬರೋ ತನಕ ನಾನು ಆಶಾನ ಕೈ ಹಿಡ್ಕೊಂಡು ಕೂತಿದ್ದೆ."

"ಅವತ್ತು ನೀನೆಲ್ಲಿ ಬಂದಿದ್ದೆ?"

"ಬಂದಿರ್ಲಿಲ್ಲ, ಗುತ್ಯಕ್ಕ."

"ಕೈ ಹಿಡ್ಕಂಡು ಕೂತಿದ್ದೋಳು ನಾನು. ನೀರು ಕೇಳಿದ್ಲು. ಬಾಯಿಗೆ ಬಿಟ್ಟಿದ್ದು ಒಳಗೇ ಇಳೀಲಿಲ್ಲ. ಅದನ್ನ ಬರ್ದೀಯಾ?"

ಶ್ರಾವ್ಯಾಳಿಗೆ ಇನ್ನು ತಡೆಯಲಾಗಲಿಲ್ಲ. "ಅದಕ್ಕೂ ಮುಂಚೆ ಆಶಾ ಫೋನ್ ಮಾಡಿದ್ಲು, ಎಣ್ಣೆ ಖಾಲಿಯಾಗಿದೆ ಅಂತ. ತರ್ತೀನಿ ಅಂದಿದ್ದೆ. ಪರೀಕ್ಷೆ ಹತ್ರ ಬಂದಿತ್ತು. ಎರಡು ವಾರ ನಾನು ಬರ್ಲೇ ಇಲ್ಲ."

"ಗೊತ್ತು ನಂಗೆ. ಶ್ರಾವ್ಯಮ್ಮ ಬರ್ತಾರೆ, ಬರ್ತಾರೆ ಅಂತ ದಾರಿ ನೋಡಿದ್ಲು. ಕಡಿಗೆ ಹಂಗೇ ದರಗಿಗೆ ಹೋದ್ಲು." ಗುತ್ಯಮ್ಮ ಎದ್ದು ನಿಂತಳು. "ಎಣ್ಣೆ ಹಚ್ಚಿದ್ರೆ ಉಳೀತಿದ್ಲೋ ಇಲ್ವೋ, ಯಾರಿಗ್ಗೊತ್ತು. ಆದ್ರೆ ನನ್ ಮಗಳ ಹೆಸ್ರು ಅದ್ರಿಂದ ತೆಗೀರಿ. ನೀವಿನ್ನು ಹೊರಡಿ, ಬಸ್ ತಪ್ಪೀತು."

ಮಗಾ ಎನ್ನುತ್ತಿದ್ದವಳು ಬಹುವಚನಕ್ಕೆ ತಿರುಗಿದ್ದು ಬೈಗುಳಕ್ಕಿಂತ ಜೋರಾಗಿ ತಾಗಿತು.

ರಿಪ್ಪನ್‌ಪೇಟೆಯಲ್ಲಿ ಬಸ್ಸು ಬದಲಿಸುವಾಗ ಅವಳು ಮೇಷ್ಟ್ರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು.

"ಹೆಸರು ಬದಲಾಯಿಸಿ ಕಳಿಸ್ತೀನಿ ಅಂತ ಬರಿ. ಕೈ ಹಿಡಿದಿದ್ದು ಯಾರು ಅಂತ ಅಲ್ಲಿಂದ ನೋಡೋಕೆ ಬರ್ತಾರಾ?"

"ನಾನು ಅಲ್ಲಿರ್ಲಿಲ್ಲ ಸರ್. ಅದನ್ನೇ ಬರೀತೀನಿ."

ಮೇಷ್ಟ್ರ ದನಿ ಏರಿತು. "ನನ್ನ ಪತ್ರದಲ್ಲೂ ಅದನ್ನೇ ಹೊಗಳಿದ್ದೀನಲ್ಲ ಮಾರಾಯ್ತಿ! ನನ್ನ ಮರ್ಯಾದೆ?"

"ನಾನು ಹೇಳಿದ್ದನ್ನ ನೀವು ನಂಬಿದ್ರಿ, ಅದನ್ನೂ ಬರೀತೀನಿ." ಅವರು ಫೋನ್ ಇಟ್ಟರು.

ಅಂದು ರಾತ್ರಿಯೇ ನಡೆದದ್ದನ್ನೆಲ್ಲ ಕಾಲೇಜಿಗೆ ಬರೆದು ಕಳಿಸಿದಳು. ಐದನೆಯ ದಿನ ಉತ್ತರ ಬಂತು. ಸಂದರ್ಶನ ರದ್ದಾಗಿತ್ತು. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು, ಆದರೆ ಅವಳ ಈ ಪತ್ರ ಕಡತದಲ್ಲಿರುತ್ತದೆ. ತನ್ನೂರು ಮೇಳಿಗೆಯ ಮನೆಯಲ್ಲಿ ತಾಯಿ ಹೂವಮ್ಮನಿಗೆ ಆ ಉತ್ತರವನ್ನು ಓದಿ ಹೇಳಿ, ನಡೆದದ್ದನ್ನೂ ತಿಳಿಸಿದಳು.

"ಮತ್ತೆ ಹಾಕ್ತೀಯಾ?"

"ಹಾಕ್ತೀನಮ್ಮ. ಕೊಡ್ತಾರೋ ಇಲ್ವೋ."

"ಅಷ್ಟು ಚೆನ್ನಾಗಿ ಓದಿದ್ದೋಳು, ಆ ಒಂದು ಸಾಲು ಯಾಕೆ ಬರ್ಯೋಕೆ ಹೋದೆ?"

"ಬರೀವಾಗ ನಾನೂ ಅಲ್ಲಿದ್ದೆ ಅಂತಲೇ ಅನ್ಸಿತ್ತಮ್ಮ. ಆಶಾ ಹೋದಾಗಿಂದ ನಿದ್ದೆನೇ ಇರ್ಲಿಲ್ಲ, ಆ ಸಾಲು ಬರೆದ ಮೇಲೇ ನಂಗೆ ನಿದ್ದೆ ಬರೋಕೆ ಶುರುವಾಗಿದ್ದು."

ಹೂವಮ್ಮ ಮಗಳ ಪಕ್ಕಕ್ಕೆ ಸರಿದು ಕೂತಳು.