ದನಿಗೆಂದು ತಂದ ಸರ್ವರ್

ನಿಪ್ಪಾಣಿಯ ಬಸ್ ನಿಲ್ದಾಣದಲ್ಲಿ ಬಹಳ ವರ್ಷ ಮೈಕಿನ ಮುಂದೆ ಕುಳಿತು ಬಸ್ಸುಗಳನ್ನು ಕೂಗಿ ಹೇಳುತ್ತಿದ್ದವನು ಜ್ಞಾನದೇವ. ಚಿಕ್ಕೋಡಿಯ ಗಾಡಿ, ರಾಯಬಾಗದ ಗಾಡಿ, ಅಥಣಿಗೆ ಹೋಗುವ ಕೊನೆಯ ಗಾಡಿ, ಎಲ್ಲವನ್ನೂ ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ ಹೇಳುತ್ತಿದ್ದ. ದಪ್ಪನೆಯ ದನಿ, ಅವಸರವಿಲ್ಲದ ದನಿ. ನಿವೃತ್ತನಾದ ಮೇಲೂ ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಕೇಳಿದರೆ ಸಾಕು, ಪಕ್ಕದಲ್ಲಿದ್ದವರು ತಿರುಗಿ ನೋಡುತ್ತಿದ್ದರು. ಮುಖ ಗೊತ್ತಿಲ್ಲದವರಿಗೂ ಆ ದನಿ ಗೊತ್ತಿತ್ತು.

೨೦೧೬ರ ಮಳೆಗಾಲದಲ್ಲಿ ಅವನ ಗಂಟಲು ಕಟ್ಟಿತು. ಮಳೆ ನಿಂತರೂ ಗಂಟಲು ಬಿಡಲಿಲ್ಲ. ಮಗ ವಿಶ್ವಾಸ ಅವನನ್ನು ಮಿರಜಿಗೆ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರು ಪರೀಕ್ಷೆಯ ವರದಿ ನೋಡಿ, ಗಂಟಲಿನಲ್ಲಿ ಕ್ಯಾನ್ಸರ್ ಇದೆ, ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದರು. ಸಕ್ಕರೆ ಕಾಯಿಲೆ ಹತೋಟಿಗೆ ಬರಬೇಕಾಗಿದ್ದರಿಂದ ಆಪರೇಷನ್ನನ್ನು ದೀಪಾವಳಿಯ ಆಚೆಗೆ ಇಟ್ಟರು. ಅಲ್ಲಿಯವರೆಗೆ ಗಂಟಲಿಗೆ ಶ್ರಮ ಕೊಡಬೇಡಿ ಎಂದೂ ಹೇಳಿದರು.

ವಿಶ್ವಾಸ ಚಿಕ್ಕೋಡಿಯ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ. ಮನುಷ್ಯನ ದನಿಯನ್ನು ಕಂಪ್ಯೂಟರಿಗೆ ಕಲಿಸಬಹುದು ಎಂಬುದನ್ನು ಅವನು ಓದಿದ್ದ. ಒಬ್ಬರು ಸಾವಿರಾರು ವಾಕ್ಯಗಳನ್ನು ಓದಿ ಕೊಟ್ಟರೆ, ಮುಂದೆ ಅವರು ಏನನ್ನು ಬರೆದರೂ ಅದನ್ನು ಅವರದೇ ದನಿಯಲ್ಲಿ ಯಂತ್ರ ಹೇಳುತ್ತದೆ. ಅದಕ್ಕೆ ಬೇಕಾದ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತಿತ್ತು. ಮಿರಜಿನಿಂದ ಮರಳುವ ಬಸ್ಸು ಕಾಗವಾಡ ದಾಟುವಾಗ ಅವನು ಅಪ್ಪನಿಗೆ ಇದನ್ನು ಹೇಳಿದ. ಅಲ್ಲಿಯವರೆಗೆ ಕಿಟಕಿಯ ಹೊರಗೆ ನೋಡುತ್ತಿದ್ದ ಜ್ಞಾನದೇವ ಮುಖ ತಿರುಗಿಸಿದ.

"ಅಂದ್ರ ನಾ ಬರದದ್ದನ್ನ ಅದು ಒದರತೈತೇನು?"

"ಒದರೂದಿಲ್ಲ ಬಾಬಾ. ನೀವು ಮಾತಾಡಿದಂಗ ಮಾತಾಡತೈತಿ. ಮೊಬೈಲಿನ್ಯಾಗ ಹಾಕಿ ಕೊಡ್ತೀನಿ."

ಜ್ಞಾನದೇವ ಹೆಂಡತಿ ಶೇವಂತಾಳನ್ನು ನೆನೆದು ಕೇಳಿದ: "ಅದರಿಂದ ನಿಮ್ಮ ಆಯಿನ್ನ ಕರೀಬೌದೇನು?"

"ಕರೀಬೌದು."

"ಹಂಗಿದ್ರ ಮಾಡು."

ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಕಾಲೇಜಿನವು ಹಳೆಯವು, ಸಂಜೆಯಾದರೆ ಬೀಗ. ವಿಶ್ವಾಸನ ಹೆಂಡತಿ ಸಾರಿಕಾ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಣಿ. ಅವಳು, "ಸುಮ್ನ ಒಂದು ಡೆಸ್ಕ್‌ಟಾಪ್ ತಗೋರಿ. ನನ್ನ ಸಾಲಿ ಕೆಲಸಕ್ಕೂ ಬರತೈತಿ" ಎಂದಳು. ವಿಶ್ವಾಸ ಒಪ್ಪಲಿಲ್ಲ. ಡೆಸ್ಕ್‌ಟಾಪಿನಲ್ಲಿ ಒಂದು ಸಲ ದನಿ ಕಲಿಸಲು ವಾರಗಟ್ಟಲೆ ಹಿಡಿಯುತ್ತದೆ, ತಪ್ಪಾದರೆ ಮತ್ತೆ ಅಷ್ಟೇ. ಅಪ್ಪ ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ದನಿ ಸಿದ್ಧವಿರಬೇಕು, ಅವನು ಒಂದು ದಿನವೂ ಮೂಕನಾಗಿ ಇರಬಾರದು ಎಂಬುದು ವಿಶ್ವಾಸನ ಹಟ.

ಕೊಲ್ಹಾಪುರದಲ್ಲಿ ಸುರಜ ಎಂಬವನು ಪುಣೆಯ ಕಂಪನಿಗಳು ಬಿಟ್ಟುಕೊಟ್ಟ ಯಂತ್ರಗಳನ್ನು ತಂದು ಮಾರುತ್ತಿದ್ದ. ಹೊಸ ಡೆಸ್ಕ್‌ಟಾಪಿನ ಬೆಲೆಗೇ ಅವನಲ್ಲಿ ಒಂದು ಹಳೆಯ ಸರ್ವರ್ ಸಿಗುತ್ತಿತ್ತು. ಎರಡು ಪ್ರೊಸೆಸರ್, ಡೆಸ್ಕ್‌ಟಾಪಿಗಿಂತ ಎಷ್ಟೋ ಪಟ್ಟು ಹೆಚ್ಚು ಮೆಮೊರಿ. ಚಪ್ಪಟೆಯಾಗಿ, ಉದ್ದಕ್ಕೆ, ಕಬ್ಬಿಣದ ಟ್ರಂಕಿನ ಮುಚ್ಚಳದ ಹಾಗೆ ಇತ್ತು. ಸುರಜ ಏನನ್ನೂ ಮುಚ್ಚಿಡಲಿಲ್ಲ.

"ಸರ, ಇದು ಮನ್ಯಾಗ ಇಡೂದಲ್ರಿ. ಕಂಪನ್ಯಾಗ ಇದಕ್ಕ ಬ್ಯಾರೆ ರೂಮ್ ಇರತೈತಿ. ಭಾಳ ಸಪ್ಪಳ ಮಾಡತೈತಿ, ನೋಡ್ರಿ."

"ಸಪ್ಪಳ ಮಾಡಿದ್ರ ಮಾಡ್ಲಿ. ಕೆಲಸ ಆದ್ರ ಸಾಕು" ಎಂದ ವಿಶ್ವಾಸ.

ಅವರದು ಎರಡು ಕೋಣೆ ಮತ್ತು ಅಡಿಗೆಮನೆಯ ಮನೆ. ಒಳಕೋಣೆಯ ವೈರು ಹಳೆಯದಾಗಿದ್ದರಿಂದ ಸರ್ವರನ್ನು ಹೊರಕೋಣೆಯಲ್ಲಿ ಟಿ.ವಿ.ಯ ಪಕ್ಕ ಮಣೆಯ ಮೇಲೆ ಇಟ್ಟರು. ಮೊದಲ ಸಲ ಸ್ವಿಚ್ ಒತ್ತಿದಾಗ ಅದರ ಫ್ಯಾನುಗಳೆಲ್ಲ ಒಮ್ಮೆಲೇ ಎದ್ದವು. ವಿಶ್ವಾಸನ ತಾಯಿ ಶೇವಂತಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಗಿರಣಿ ತಂದೀಯೇನೋ ವಿಶ್ವಾಸಾ?"

"ಬರಬರತಾ ಕಡಿಮಿ ಆಗತೈತಿ ಆಯಿ."

ಸ್ವಲ್ಪ ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ವಾರ ಕಳೆಯುವುದರೊಳಗೆ ಮನೆಯವರ ಕಿವಿಗೆ ಅದು ರೂಢಿಯಾಯಿತು. ಕರೆಂಟು ಹೋದಾಗ ಮಾತ್ರ ಎಲ್ಲರೂ ಬೆಚ್ಚಿ, ಏನೋ ಆಯಿತೆಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಓದು ಶುರುವಾಯಿತು. ವಿಶ್ವಾಸ ಪತ್ರಿಕೆಯಿಂದ, ಶಾಲೆಯ ಪುಸ್ತಕಗಳಿಂದ ವಾಕ್ಯಗಳನ್ನು ಆರಿಸಿದ. ಮನೆಯಲ್ಲಿ ಬೇಕಾಗುವ ಮಾತುಗಳನ್ನು ತಾನೇ ಬರೆದು ಸೇರಿಸಿದ. ಬೆಳಿಗ್ಗೆ ಕಾಲೇಜಿಗೆ ಹೋಗುವ ಮೊದಲು, ಸಂಜೆ ಬಂದ ಮೇಲೆ, ಜ್ಞಾನದೇವ ಇಸ್ತ್ರಿಯ ಅಂಗಿ ತೊಟ್ಟು ಹೊರಕೋಣೆಯ ಕುರ್ಚಿಯಲ್ಲಿ ಕೂರುತ್ತಿದ್ದ. ಡ್ಯೂಟಿಗೆ ಹೋದವನ ಹಾಗೆ ಬೆನ್ನು ನೆಟ್ಟಗೆ ಮಾಡಿ ವಿಶ್ವಾಸನ ಮೊಬೈಲಿಗೆ ಸಿಕ್ಕಿಸಿದ ಮೈಕನ್ನು ಬಾಯಿಯ ಹತ್ತಿರ ಎಳೆದುಕೊಳ್ಳುತ್ತಿದ್ದ. ಕಟ್ಟಿದ ಗಂಟಲಾದರೂ ದನಿಯ ಹದ ಹೋಗಿರಲಿಲ್ಲ. ಫ್ಯಾನಿನ ಸದ್ದಿನಲ್ಲಿ ತನ್ನ ಮಾತು ತನಗೇ ಕೇಳದೆ ಅವನು ಮೆಲ್ಲಗೆ ದನಿ ಏರಿಸುತ್ತಿದ್ದ. ಇಳಿಸಿದಾಗ ವಿಶ್ವಾಸ ಕೈ ಎತ್ತುತ್ತಿದ್ದ.

"ಇನ್ನ ಸ್ವಲ್ಪ ಜೋರಂದ್ರ ಚಲೋ, ಬಾಬಾ."

ಶೇವಂತಾ ಉಗುರುಬೆಚ್ಚಗಿನ ನೀರು ತಂದು ಇಡುತ್ತಿದ್ದಳು. ಓದು ಮುಗಿದ ಮೇಲೆ ಅವಳು ಮಾತಾಡಿಸಿದರೆ ಜ್ಞಾನದೇವ ಗಂಟಲು ಮುಟ್ಟಿಕೊಂಡು ಕೈಯಿಂದಲೇ ಉತ್ತರ ಕೊಡುತ್ತಿದ್ದ. ದನಿಯನ್ನು ಮುಂದಿನ ಓದಿಗೆ ಉಳಿಸಿಕೊಳ್ಳಬೇಕಿತ್ತು.

ಒಂದು ಸಂಜೆ ಸಾರಿಕಾ ಕೇಳಿದಳು: "ಓದೂ ಹೊತ್ತಿನ್ಯಾಗರ ಅದನ್ನ ಬಂದ್ ಮಾಡ್ರಲ್ಲ. ಮಾವ ಎಷ್ಟ್ ತ್ರಾಸ ತಗೊಳಾಕತ್ತಾರ."

"ನಿನ್ನೆ ಓದಿದ್ದನ್ನ ಅದು ಕಲಿಯಾಕತ್ತೈತಿ. ನಡುವ ನಿಲ್ಲಿಸಿದ್ರ ಮತ್ತ ಮೊದಲಿಂದ ಶುರು ಮಾಡಬೇಕು. ಇರೂ ದಿನಾನ ಕಡಿಮಿ."

"ಸಪ್ಪಳ ಬರೂದಿಲ್ಲೇನು ಅದರಾಗ?"

ವಿಶ್ವಾಸ ಹೆಡ್‌ಫೋನ್ ಹಾಕಿಕೊಂಡು, ಆ ದಿನದ ಓದನ್ನು ಅಲ್ಲೇ, ಸರ್ವರಿನ ಪಕ್ಕದಲ್ಲೇ ಕುಳಿತು ಕೇಳಿದ. ಅಪ್ಪನ ದನಿ ಸ್ವಚ್ಛವಾಗಿ ಕೇಳಿಸಿತು. "ಮೈಕ್ ಬಾಯಿ ಹತ್ರ ಐತಿ. ಏನೂ ಬಂದಿಲ್ಲ" ಎಂದ.

ದೀಪಾವಳಿ ಕಳೆಯಿತು. ಕೊನೆಕೊನೆಗೆ ಜ್ಞಾನದೇವನ ಒಂದು ವಾಕ್ಯ ಎರಡು ಉಸಿರಿನಲ್ಲಿ ಬರುತ್ತಿತ್ತು. ಆದರೂ ಅವನು ಒಂದು ಹೊತ್ತೂ ತಪ್ಪಿಸಲಿಲ್ಲ. ಮಿರಜಿಗೆ ಹೊರಡುವ ಬೆಳಿಗ್ಗೆ ಕುರ್ಚಿಯಿಂದ ಎದ್ದು, "ಆತು, ಇಷ್ಟ ಇತ್ತು ನೋಡ" ಎಂದ.

ಆಪರೇಷನ್ ಚೆನ್ನಾಗಿ ಆಯಿತು. ಜ್ಞಾನದೇವನ ಕತ್ತಿನ ಕೆಳಗೆ ಉಸಿರಾಡಲು ಒಂದು ತೂತು ಉಳಿಯಿತು. ಶೇವಂತಾ ಆಸ್ಪತ್ರೆಯಲ್ಲಿ ಅವನ ಜೊತೆ ನಿಂತಳು. ಮಾತಿನ ಬದಲಿಗೆ ಒಂದು ಪಾಟಿ, ಬಳಪ ತಂದಿಟ್ಟಿದ್ದರು. ಜ್ಞಾನದೇವ ಅದನ್ನು ಹೆಚ್ಚು ಮುಟ್ಟುತ್ತಿರಲಿಲ್ಲ. ನೋಡಲು ಬಂದವರಿಗೆ ಮಗನನ್ನು ತೋರಿಸಿ, ಮೊಬೈಲನ್ನು ತೋರಿಸಿ, ಸ್ವಲ್ಪ ತಡೆಯಿರಿ ಎಂಬಂತೆ ಕೈ ಮಾಡಿ ನಗುತ್ತಿದ್ದ.

ಸರ್ವರ್ ತನ್ನ ಕೆಲಸ ಮುಗಿಸಿತ್ತು. ಮನೆಯಲ್ಲಿ ಕೇಳಿ ನೋಡಿದಾಗ ದನಿ ಸ್ವಲ್ಪ ಒಡಕಾಗಿದೆ ಅನ್ನಿಸಿತು. ಅಪ್ಪನ ಗಂಟಲೇ ಹಾಗಿತ್ತಲ್ಲ ಎಂದುಕೊಂಡ ವಿಶ್ವಾಸ. ಅದನ್ನು ಮೊಬೈಲಿಗೆ ಅಳವಡಿಸಲು ಎಲ್ಲವನ್ನೂ ಡಿಸ್ಕಿಗೆ ಹಾಕಿಕೊಂಡು ಭಾನುವಾರ ಮಧ್ಯಾಹ್ನ ಕಾಲೇಜಿಗೆ ಹೋದ. ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಬೇರೆ ಕಂಪ್ಯೂಟರುಗಳೆಲ್ಲ ಆಫ್ ಆಗಿದ್ದವು. ಹೆಡ್‌ಫೋನ್ ಹಾಕಿಕೊಂಡು ಅಪ್ಪನ ಮೊದಲ ದಿನದ ಓದನ್ನು ಹಚ್ಚಿದ.

ಅಪ್ಪ ಮಾತಾಡುವ ಮೊದಲೇ ಸರ್ವರಿನ ಮೊರೆತ ಬಂತು. ಅಪ್ಪ ಮಾತಾಡುವಾಗಲೂ ಅದು ಇತ್ತು, ಒಂದು ಪದಕ್ಕೂ ಇನ್ನೊಂದು ಪದಕ್ಕೂ ನಡುವೆಯೂ ಇತ್ತು, ಅಪ್ಪ ಉಸಿರು ಎಳೆದುಕೊಂಡಾಗ ಅದೊಂದೇ ಉಳಿಯಿತು. ವಿಶ್ವಾಸ ಎರಡನೇ ದಿನದ್ದು ಕೇಳಿದ, ನಡುವಿನ ದಿನಗಳದ್ದು ಕೇಳಿದ, ಕೊನೆಯದು ಕೇಳಿದ. ಎಲ್ಲದರಲ್ಲೂ ಅದೇ. ಮನೆಯಲ್ಲಿ ಅವನು ಪ್ರತಿ ಸಲವೂ ಆ ಸದ್ದಿನ ಪಕ್ಕದಲ್ಲೇ ಕುಳಿತು ಕೇಳುತ್ತಿದ್ದ. ಕೋಣೆಯ ಸದ್ದು ಯಾವುದು, ರೆಕಾರ್ಡಿಂಗಿನ ಸದ್ದು ಯಾವುದು ಎಂದು ಕಿವಿಗೆ ತಿಳಿಯುವಂತೆಯೇ ಇರಲಿಲ್ಲ. ಯಂತ್ರಕ್ಕೂ ತಿಳಿಯಲಿಲ್ಲ. ಅದು ಫ್ಯಾನಿನ ಮೊರೆತವನ್ನೂ ಜ್ಞಾನದೇವನ ದನಿ ಎಂದೇ ಕಲಿತಿತ್ತು.

ಅವನು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ಕುಳಿತ. ಮತ್ತೊಮ್ಮೆ ಓದಿಸೋಣವೆಂದರೆ ಓದುವ ಗಂಟಲು ಇರಲಿಲ್ಲ.

ಸದ್ದನ್ನು ಸೋಸಿ ತೆಗೆಯುವ ಉಪಾಯಗಳನ್ನೆಲ್ಲ ಮಾಡಿದ. ಸದ್ದು ಹೋದಷ್ಟೂ ದನಿಯ ದಪ್ಪವೂ ಹೋಗಿ, ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗಾಯಿತು. ಅಪ್ಪನ ಬೇರೆ ರೆಕಾರ್ಡಿಂಗ್ ಎಲ್ಲಾದರೂ ಇದೆಯೇ ಎಂದು ಹುಡುಕಿದ. ಅಷ್ಟು ವರ್ಷ ಮೈಕಿನಲ್ಲಿ ಹೇಳಿದ್ದರಲ್ಲಿ ಒಂದನ್ನೂ ಯಾರೂ ಹಿಡಿದಿಟ್ಟಿರಲಿಲ್ಲ. ವಿಶ್ವಾಸನ ಮದುವೆಯ ಸಿ.ಡಿ.ಯಲ್ಲಿ "ಊಟಕ್ಕ ಏಳ್ರಿ, ಊಟಕ್ಕ" ಎಂದದ್ದು ಮಾತ್ರ ಸಿಕ್ಕಿತು. ಅದೂ ಬ್ಯಾಂಡಿನ ಕೆಳಗೆ ಮುಚ್ಚಿಹೋಗಿತ್ತು.

ಜ್ಞಾನದೇವ ಮನೆಗೆ ಬಂದ. ಬಂದವನೇ ಕೈ ಚಾಚಿ ಮೊಬೈಲು ಕೇಳಿದ. ಇನ್ನೂ ಸ್ವಲ್ಪ ಕೆಲಸ ಬಾಕಿ ಇದೆ ಎಂದು ವಿಶ್ವಾಸ ಮುಂದೂಡಿದ. ಮಾರನೆಯ ದಿನವೂ ಕೇಳಿದ, ಅದರ ಮಾರನೆಯ ದಿನವೂ ಕೇಳಿದ. ಕೊನೆಗೆ ಸಾರಿಕಾ ಗಂಡನನ್ನು ಪಕ್ಕಕ್ಕೆ ಕರೆದು, "ಹೆಂಗೈತೋ ಹಂಗ ಕೊಡ್ರಿ. ಕಾಯಸಬ್ಯಾಡ್ರಿ ಅವರನ್ನ" ಎಂದಳು.

ಹೊರಕೋಣೆಯ ಕುರ್ಚಿಯಲ್ಲಿ ಕುಳಿತು ಜ್ಞಾನದೇವ ಒಂದೊಂದೇ ಅಕ್ಷರ ಒತ್ತಿ ಬರೆದ: ಶೇವಂತಾ, ಚಾ ತಗೊಂಡು ಬಾ. ಗುಂಡಿ ಒತ್ತಿದ. ಮೊಬೈಲಿನಿಂದ ಬುಸುಗುಡುತ್ತ, ಒದರುತ್ತ, ಸಿಟ್ಟಿನಲ್ಲಿ ಇದ್ದವನಂತೆ ಒಂದು ಗಂಡುದನಿ ಹೊರಟಿತು. ಮಾತು ಒಡೆದು ಚೂರಾಗಿತ್ತು.

ಅಡಿಗೆಮನೆಯಿಂದ ಶೇವಂತಾ ಸೆರಗು ಸರಿ ಮಾಡಿಕೊಂಡು ಹೊರಗೆ ಬಂದಳು. ಬಾಗಿಲ ಕಡೆ ನೋಡಿದಳು.

"ಯಾರು ಬಂದಾರ?" ಎಂದಳು.

ಜ್ಞಾನದೇವ ಮೊಬೈಲನ್ನು ಮೆಲ್ಲಗೆ ಮಗುಚಿ ಇಟ್ಟ. ಪಾಟಿ ಎತ್ತಿಕೊಂಡು ಬರೆದು ಮಗನಿಗೆ ತೋರಿಸಿದ: ನನ್ನ ದನಿ ಹಿಂಗಾ ಇತ್ತೇನು?

"ಇಲ್ಲ ಬಾಬಾ" ಎಂದ ವಿಶ್ವಾಸ. "ಇಲ್ಲ. ನಿಮ್ಮದೇನೂ ತಪ್ಪಿಲ್ಲ. ಆ ಮಷಿನ್ ಸಪ್ಪಳ ಎಲ್ಲಾದರಾಗೂ ಸೇರೈತಿ. ನಾನ ಅದನ್ನ ಬಂದ್ ಮಾಡ್ಲಿಲ್ಲ. ಸಾರಿಕಾ ಹೇಳಿದ್ರೂ ಕೇಳ್ಲಿಲ್ಲ. ಸಣ್ಣ ಡೆಸ್ಕ್‌ಟಾಪ್ ತಂದಿದ್ರ ಇಷ್ಟ್ ಆಗ್ತಿರ್ಲಿಲ್ಲ. ತಡಾ ಆಗ್ತಿತ್ತು, ಅಷ್ಟ."

ಜ್ಞಾನದೇವ ಪೂರ್ತಿ ಕೇಳಿದ. ಮಗನ ಭುಜದ ಮೇಲೆ ಕೈ ಇಟ್ಟು ತೆಗೆದ. ಪಾಟಿಯನ್ನು ಅಂಗೈಯಿಂದ ಒರೆಸಿ ಪಕ್ಕಕ್ಕಿಟ್ಟ.

ಕೆಲವು ದಿನಗಳ ನಂತರ, ಜ್ಞಾನದೇವ ಮಲಗಿದ್ದ ಮಧ್ಯಾಹ್ನ, ಶೇವಂತಾ ಮಗನ ಬಳಿ ಬಂದು, "ಅವರು ಓದಿದ್ದು ಇದ್ದಂಗ ಐತಲ್ಲ, ಅದನ್ನ ಕೇಳಸು" ಎಂದಳು. ವಿಶ್ವಾಸ ಹೆಡ್‌ಫೋನನ್ನು ಅವಳ ಕಿವಿಗೆ ಹಾಕಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ಬಹಳ ಹೊತ್ತು ಕೇಳಲಿಲ್ಲ, ತಾನೇ ತೆಗೆದು ಅವನ ಕೈಗಿಟ್ಟಳು.

"ಇದ್ರಾಗ ಅವರು ಯಾರಿಗೋ ಬೈದಂಗ ಮಾತಾಡ್ಯಾರ. ನಿಮ್ಮಪ್ಪ ಮನ್ಯಾಗ ಒಂದ್ ದಿನಾನೂ ಇಷ್ಟ್ ಜೋರ್ ಮಾತಾಡಿಲ್ಲ."

"ಫ್ಯಾನಿನ ಸಪ್ಪಳಕ್ಕ ಆಯಿ…"

"ಗೊತ್ತೈತಿ" ಎಂದಳು ಶೇವಂತಾ. ಗೋಡೆಗೆ ಒರಗಿ ಕುಳಿತಳು. ಅವಳಿಗೆ ಅಳು ಬರಲಿಲ್ಲ, ಮಾತು ಮಾತ್ರ ಬಂತು. "ಎರಡ್ ತಿಂಗಳು ಇತ್ತು, ವಿಶ್ವಾಸಾ. ಇದ್ದ ದನಿ ಎಲ್ಲಾ ಆ ಡಬ್ಬಿಗೆ ಹಾಕಿಸಿದಿ. ನಾ ಏನರ ಕೇಳಿದ್ರ ಕೈ ಮಾಡಿ ಸುಮ್ನಾಗತಿದ್ರು. ಆಮ್ಯಾಲ ಹೆಂಗೂ ಮಾತಾಡತಾರಲ್ಲ ಅಂತ ನಾನೂ ಬಿಟ್ಟೆ. ನನ್ನ ಜೋಡಿ ಅವರು ಕಡೀಕ ಏನ್ ಮಾತಾಡಿದ್ರು, ನೆನಪಾಗವಲ್ದು."

ವಿಶ್ವಾಸ ಹೆಡ್‌ಫೋನನ್ನು ಸುತ್ತಿಟ್ಟ. ಆ ದಿನವೇ ಸರ್ವರಿನ ತಂತಿಗಳನ್ನು ಕಿತ್ತು, ಅದನ್ನು ಮಣೆಯ ಸಮೇತ ಹಿತ್ತಿಲ ಬಚ್ಚಲಿನ ಆಚೆ ಕಟ್ಟಿಗೆಯ ಜೊತೆ ಇಟ್ಟುಬಂದ. ಕೋಣೆ ಶಾಂತವಾಯಿತು. ಆ ಶಾಂತಿಯಲ್ಲಿ ಅಪ್ಪ ಕತ್ತಿನಿಂದ ಎಳೆದು ಬಿಡುವ ಉಸಿರು ಒಳಕೋಣೆಯಿಂದ ಕೇಳಿಸುತ್ತಿತ್ತು.

ಬೇಸಿಗೆಯ ಹೊತ್ತಿಗೆ ಮಿರಜಿನ ಡಾಕ್ಟರು ಮತ್ತೆ ಪರೀಕ್ಷಿಸಿ, ರೋಗ ಪೂರ್ತಿ ಹೋಗಿದೆ ಎಂದು ಸಂತೋಷಪಟ್ಟರು. ಕತ್ತಿಗೆ ಹಿಡಿದುಕೊಂಡು ಮಾತಾಡುವ ಒಂದು ಸಣ್ಣ ಸಾಧನವನ್ನು ತೋರಿಸಿದರು. ಕಲಿಯುವುದು ಕಷ್ಟವಲ್ಲ, ಎಷ್ಟೋ ಜನ ಕಲಿತಿದ್ದಾರೆ ಎಂದರು. ಅದನ್ನು ಬಳಸುವ ಇನ್ನೊಬ್ಬ ರೋಗಿಯನ್ನು ಕರೆಸಿ ಮಾತಾಡಿಸಿದರು. ಅವನು ಗಂಟಲಿಗೆ ಅದನ್ನು ಒತ್ತಿ "ನಮಸ್ಕಾರ್ರಿ" ಎಂದ. ಸಪಾಟಾದ, ಏರಿಳಿತವಿಲ್ಲದ ಗುಂಯ್‌ಗುಡುವ ದನಿ, ಆದರೆ ಪದ ಸ್ಪಷ್ಟವಾಗಿತ್ತು. ಜ್ಞಾನದೇವ ಅವನಿಗೆ ಕೈ ಮುಗಿದ. ಡಾಕ್ಟರ ಕಡೆ ತಿರುಗಿ ತಲೆ ಅಲ್ಲಾಡಿಸಿ, ಪಾಟಿಯ ಮೇಲೆ ಬರೆದ: ಬ್ಯಾಡ್ರಿ. ಸಾಕು.

ವಿಶ್ವಾಸ ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ. ಅಂಥದ್ದು ಇನ್ನು ಯಾವುದೂ ಮನೆಗೆ ಬರುವುದು ಬೇಡವಾಗಿತ್ತು ಅವನಿಗೆ. ಕ್ರಮೇಣ ಪಾಟಿಯನ್ನೂ ಬಿಟ್ಟ. ಬರೆಯಬಲ್ಲವನಾಗಿದ್ದರೂ ಬರೆಯುತ್ತಿರಲಿಲ್ಲ, ಕಣ್ಣಿನಿಂದ, ತಲೆಯಿಂದ ಆದಷ್ಟನ್ನೇ ಹೇಳುತ್ತಿದ್ದ. ಶೇವಂತಾಳೂ ಅದಕ್ಕೆ ಹೊಂದಿಕೊಂಡಳು. ಹೌದು ಇಲ್ಲ ಎಂದು ತಲೆಯಾಡಿಸಿ ಮುಗಿಸಬಹುದಾದ್ದನ್ನು ಮಾತ್ರ ಅವನನ್ನು ಕೇಳುತ್ತಿದ್ದಳು. ಊಟ ಮಾಡ್ತೀರೇನು? ಹೊರಗ ಕುಂದರ್ತೀರೇನು? ಚಾದರ ಹೊಚ್ಚಲೇನು? ಉಳಿದದ್ದನ್ನು ಕೇಳುವುದನ್ನು ಅವಳು ಬಿಟ್ಟೇಬಿಟ್ಟಳು.